‘ನಾನು’ ‘ಈಗೋ’ ಆದ ಕಥೆ

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಕೂತರೆ ‘ಈಗೋ’ ಅನ್ನೋ ಮಾತು ಕಿವಿಗೆ ಬೀಳದೆ ಇರುವುದಿಲ್ಲ. “ನಮ್ಮ ಮ್ಯಾನೇಜರ್‌ಗೆ ಈಗೋ ಜಾಸ್ತಿ ಕಣೋ.” ಅಲ್ಲಿ ಅದು ಜಂಭ. ಸೈಕಾಲಜಿ ಪರೀಕ್ಷೆಯಲ್ಲಿ ಅದೇ ಮಾತು ಇಡ್, ಈಗೋ, ಸೂಪರ್‌ಈಗೋ ಅಂತ ಐದು ಅಂಕದ ಉತ್ತರ. ಮನೆಯಲ್ಲಿ ತಾತ ಅದನ್ನೇ ಅಹಂಕಾರ ಅನ್ನುತ್ತಾರೆ. ಮೂರೂ ಒಂದೇನಾ?

ಮನಸ್ಸಿನ ಈ ಸಿದ್ಧಾಂತ ಕಟ್ಟಿದ ವಿಯೆನ್ನಾದ ಡಾಕ್ಟರ್ ಫ್ರಾಯ್ಡ್ 1923ರಲ್ಲಿ ಜರ್ಮನ್‌ನಲ್ಲಿ ಬರೆದದ್ದು ‘ಇಷ್’ ಮತ್ತು ‘ಎಸ್’ ಅಂತ. ಅಂದರೆ ‘ನಾನು’ ಮತ್ತು ‘ಅದು’. ಮಗುವಿಗೂ ಗೊತ್ತಿರುವ ಮಾತುಗಳು. ಇಂಗ್ಲಿಷಿಗೆ ಹೋಗುವಾಗ ಅವಕ್ಕೆ ‘ಈಗೋ’, ‘ಇಡ್’ ಅನ್ನೋ ಲ್ಯಾಟಿನ್ ಕೋಟು ಬಂತು. ನಮ್ಮೂರಿಗೆ ಬಂದಿಳಿದದ್ದು ಬರೀ ಕೋಟು.

ಅರಿವಿಗೆ ಬಾರದ ಮನಸ್ಸಿನ ವಿಚಾರ ಫ್ರಾಯ್ಡ್‌ಗಿಂತ ಹಳೆಯದು. ತತ್ವಜ್ಞಾನಿಗಳಾದ ಲೈಬ್ನಿಟ್ಸ್, ಶೋಪೆನ್‌ಹಾವರ್ ಅದರ ಸುತ್ತ ಸುಳಿದಿದ್ದರು. 1869ರಲ್ಲಿ ಹಾರ್ಟ್‌ಮನ್ ಅದರ ಮೇಲೆ ದಪ್ಪ ಪುಸ್ತಕವನ್ನೇ ಬರೆದಿದ್ದರು.

ನನಗೆ ಕುತೂಹಲ ಇರುವುದು 1874ರ ವಿಯೆನ್ನಾ ಬಗ್ಗೆ. ಆ ವರ್ಷ ಫ್ರಾಂಟ್ಸ್ ಬ್ರೆಂಟಾನೋ ಎಂಬ ಫಿಲಾಸಫಿ ಮೇಷ್ಟ್ರು ಒಂದು ಪುಸ್ತಕ ತಂದರು. ನಮಗೇ ಅರಿವಿಲ್ಲದ ಮಾನಸಿಕ ಕ್ರಿಯೆ ಇರಬಹುದೇ? ಈ ಪ್ರಶ್ನೆಯನ್ನು ಜರಡಿ ಹಿಡಿದು, ಕೊನೆಗೆ ಇಲ್ಲ ಅಂದರು. ಅದೇ ವರ್ಷ ಅವರ ಕ್ಲಾಸಿಗೆ ಬಂದು ಕೂತ ಮೆಡಿಕಲ್ ವಿದ್ಯಾರ್ಥಿ ಫ್ರಾಯ್ಡ್. ವಯಸ್ಸು 18. ಎರಡು ವರ್ಷ ಪಾಠ ಕೇಳಿದ ಈ ಹುಡುಗ, ಫಿಲಾಸಫಿಯಲ್ಲೂ ಡಾಕ್ಟರೇಟ್ ಮಾಡುವ ಆಸೆಯನ್ನು ಗೆಳೆಯನಿಗೆ ಬರೆದದ್ದಿದೆ. ಆಮೇಲೆ ಗುರು ಮುಚ್ಚಿದ ಬಾಗಿಲನ್ನೇ ಹೋಗಿ ತಟ್ಟಿದ!

1915ರಲ್ಲಿ ಫ್ರಾಯ್ಡ್ ಕೊಟ್ಟ ವಾದ ನೋಡಿ. ನಿಮಗೊಂದು ಮನಸ್ಸಿದೆ ಅಂತ ನನಗೆ ಹೇಗೆ ಗೊತ್ತು? ನಿಮ್ಮ ನಡೆ ನೋಡಿ ಊಹಿಸುತ್ತೇನೆ. ಹಾಗಾದರೆ ನನ್ನ ನಡೆಯನ್ನೂ ಬೇರೆಯವರದ್ದು ಅನ್ನೋ ಹಾಗೆ ನೋಡೋಣ. ಬಾಯಿತಪ್ಪಿ ಬಂದ ಮಾತು, ಅರ್ಥವಾಗದ ಕನಸು. ಇವುಗಳ ಹಿಂದೆಯೂ ಏನೋ ಒಂದು ಯೋಚಿಸುತ್ತಿದೆ ಅಂತ ಒಪ್ಪಬೇಕಾಗುತ್ತದೆ. ಇದಕ್ಕೆ ಯಾವ ಲ್ಯಾಬೂ ಬೇಕಿಲ್ಲ. ಇದು ಅಪ್ಪಟ ತತ್ವಶಾಸ್ತ್ರದ ಪಟ್ಟು.

ಎದುರು ಪಟ್ಟೂ ತತ್ವಜ್ಞಾನಿಗಳಿಂದಲೇ ಬಂತು. ಮನಸ್ಸಿನ ಬಾಗಿಲಲ್ಲಿ ಕೆಲವು ಆಸೆಗಳನ್ನು ತಡೆಯುವ ಕಾವಲುಗಾರ ಇದ್ದಾನೆ ಅನ್ನೋದು ಫ್ರಾಯ್ಡ್ ಚಿತ್ರ. ಯಾರನ್ನು ತಡೀಬೇಕು ಅಂತ ಅವನಿಗೆ ಗೊತ್ತಿರಬೇಕಲ್ವಾ ಅಂತ 1943ರಲ್ಲಿ ಸಾರ್ತ್ರ್ ಕೇಳಿದರು. ಟಿಕೆಟ್ ಅಂದರೇನು ಅಂತಲೇ ಗೊತ್ತಿಲ್ಲದ ಟಿಸಿ ಯಾರನ್ನು ಹಿಡಿದಾನು? ಯಾರು ಏನು ಮಾಡಿದರೂ ಈ ಸಿದ್ಧಾಂತ ಸುಳ್ಳಾಗುವುದೇ ಇಲ್ಲ, ಹಾಗಾಗಿ ವಿಜ್ಞಾನವಲ್ಲ ಅಂದವರು ಪಾಪ್ಪರ್. ಪರೀಕ್ಷಿಸಬಹುದು, ಆದರೆ ಕೊಟ್ಟ ಸಾಕ್ಷ್ಯ ಸಾಲದು ಅಂದವರು 1984ರಲ್ಲಿ ಗ್ರ್ಯೂನ್‌ಬಾಮ್.

ನಮ್ಮ ದೇಶದಲ್ಲಿ ಫ್ರಾಯ್ಡ್ ವಿಚಾರ ಬೇಗ ಚಿಗುರಿತ್ತು. 1922ರಲ್ಲೇ ಗಿರೀಂದ್ರಶೇಖರ ಬೋಸ್ ಕಲ್ಕತ್ತಾದಲ್ಲಿ ಮನೋವಿಶ್ಲೇಷಣೆಯ, ಅಂದರೆ ಫ್ರಾಯ್ಡ್ ಪದ್ಧತಿಯ, ಸಂಘ ಕಟ್ಟಿದರು. ಪ್ರತಿ ಆಸೆಗೂ ಎದುರಾಸೆ ಒಂದು ಇದ್ದೇ ಇರುತ್ತದೆ ಅಂತ ಪತ್ರ ಬರೆದು ಫ್ರಾಯ್ಡ್ ಜೊತೆ ವಾದಕ್ಕಿಳಿದರು. 1931ರಲ್ಲಿ ದಂತದ ವಿಷ್ಣು ಮೂರ್ತಿಯನ್ನೂ ಕಳಿಸಿಕೊಟ್ಟರು. ಮೈಸೂರಿನಲ್ಲಿ 1924ಕ್ಕೆ ಸೈಕಾಲಜಿ ವಿಭಾಗ ಶುರುವಾಯಿತು. ಕಾಲ ಕಳೆದಂತೆ ಸೈಕಾಲಜಿ ಅಳತೆ, ಪ್ರಯೋಗದ ಕಡೆ ವಾಲಿತು. ಫಿಲಾಸಫಿ ವೇದಾಂತ, ನೀತಿ ಅಂತ ತನ್ನ ಪಾಡಿಗೆ ಕೂತಿತು. ಫ್ರಾಯ್ಡ್ ಒಂದು ಕಡೆ ಹಳೇ ಸರಕು, ಇನ್ನೊಂದು ಕಡೆ ಪಕ್ಕದ ಮನೆಯವರು.

ಹಾಗಾಗಿ ಆ ತಾತನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನಮ್ಮ ಹಳೆಯ ದರ್ಶನಗಳಲ್ಲೊಂದಾದ ಸಾಂಖ್ಯದ ಅಹಂಕಾರ ಜಂಭವಲ್ಲ. ಅದು ‘ನಾನು’, ‘ನನ್ನದು’ ಅಂತ ಅಂಟಿಕೊಳ್ಳುವ ಒಳಗಿನ ಕರಣ. ರೈಲಿನ ಈಗೋಗಿಂತ ಫ್ರಾಯ್ಡ್ ಹೇಳಿದ ‘ನಾನು’ಗೆ ಅದೇ ಹತ್ತಿರ. ಎರಡೂ ಒಂದೇ ಅನ್ನುವವರಿದ್ದಾರೆ, ಅದೂ ಅವಸರದ ಮಾತೇ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಾವು ‘ಸುಪ್ತ ಮನಸ್ಸು’ ಅನ್ನುತ್ತೇವೆ. ಸುಪ್ತ ಅಂದರೆ ಮಲಗಿರುವುದು. ಫ್ರಾಯ್ಡ್ ಹೇಳಿದ ಮನಸ್ಸು ಮಲಗುವುದೇ ಇಲ್ಲ. ಮೊನ್ನೆ ಗುಬ್ಬಿ ಕಡೆಯ ಹುಡುಗಿಯೊಬ್ಬಳು ನೋಟ್ಸ್ ತೋರಿಸುತ್ತಾ ಕೇಳಿದಳು, “ಅದು ಮಲಗಿದ್ರೆ ಕನಸು ಕಟ್ಟೋದು ಯಾರು ಸಾರ್?”