ವಿಪ್ ಇರುವಾಗ ಶಾಸಕರಿಗೆ ಬರೆದು ಪ್ರಯೋಜನವೇನು?

ಪ್ರಶ್ನೆ: ಸದನಕ್ಕೆ ಬಂದಿರುವ ಮಸೂದೆಯೊಂದರಲ್ಲಿ ನಮಗೆ ತೊಂದರೆಯಾಗುವ ಅಂಶವಿದೆ. ಶಾಸಕರಿಗೆ ಹೇಗೆ ಬರೆಯಬೇಕು? ಪಕ್ಷ ವಿಪ್ (ಹೀಗೆಯೇ ಮತ ಹಾಕಬೇಕೆಂಬ ನಿರ್ದೇಶನ) ಕೊಟ್ಟ ಮೇಲೆ ಅವರು ತಾನೇ ಏನು ಮಾಡಿಯಾರು?

ಉತ್ತರ: ಅಧಿವೇಶನ ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ವಿಪ್ ಇರುವುದರಿಂದ ಬರೆದು ಫಲವಿಲ್ಲ ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಚೆನ್ನಾಗಿ ಓದಿಕೊಂಡವರೂ ಮನವಿಯ ಮೊದಲ ಸಾಲು ಬರೆಯುವ ಮುನ್ನವೇ ಕೈಚೆಲ್ಲುತ್ತಾರೆ. ಎಷ್ಟು ಸಲ ಹೇಳಿದರೂ ಅದು ಹೋಗದಿರುವುದರಿಂದ ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ.

ವಿಪ್‌ಗೆ ಕಾನೂನಿನ ಬಲ ಬಂದದ್ದು 1985ರಲ್ಲಿ, 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯಿಂದ. ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದರೆ ಅಥವಾ ಮತದಾನದಿಂದ ದೂರ ಉಳಿದರೆ, ಮತ್ತು ಪಕ್ಷವು ಅದನ್ನು 15 ದಿನಗಳೊಳಗೆ ಮನ್ನಿಸದಿದ್ದರೆ, ಸದಸ್ಯತ್ವಕ್ಕೆ ಕುತ್ತು ಬರುತ್ತದೆ. 1992ರ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ನಿರ್ದೇಶನವು ಸರ್ಕಾರದ ಅಳಿವು ಉಳಿವಿನ ಮತಕ್ಕೆ ಹಾಗೂ ಪಕ್ಷವು ಮತದಾರರ ಮುಂದಿಟ್ಟ ಮುಖ್ಯ ನೀತಿ ಕಾರ್ಯಕ್ರಮಗಳಿಗೆ ಸೀಮಿತವಾಗಿರಬೇಕೆಂದು ಹೇಳಿತು. ಪಕ್ಷಗಳು ಅದಕ್ಕಿಂತ ಧಾರಾಳವಾಗಿ ವಿಪ್ ನೀಡುತ್ತವೆ ಎಂಬುದು ನಿಜವೇ. ಆದರೆ ಮತದಾನವು ಸದನದಲ್ಲಿ ಮಸೂದೆಯ ಕೊನೆಯ ಹಂತ. ಅದಕ್ಕೆ ಮೊದಲು ಶಾಸಕರು ಶಾಸಕಾಂಗ ಪಕ್ಷದ ಸಭೆಯಲ್ಲಿ ಆಕ್ಷೇಪ ಎತ್ತಬಹುದು, ಸಚಿವರನ್ನು ಕಂಡು ಮಾತನಾಡಬಹುದು, ತಿದ್ದುಪಡಿಗೆ ಸೂಚನೆ ಕೊಡಬಹುದು, ಚರ್ಚೆಯಲ್ಲಿ ಸ್ಪಷ್ಟೀಕರಣ ಕೇಳಿ ಸಚಿವರ ಉತ್ತರ ದಾಖಲಾಗುವಂತೆ ಮಾಡಬಹುದು, ಮಸೂದೆಯನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಬೇಕೆಂದು ಒತ್ತಾಯಿಸಬಹುದು. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈನಲ್ಲಿ ಮಂಡನೆಯಾಗಿ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ಸಮಿತಿ ನಾಗರಿಕರ ಸಲಹೆಗಳನ್ನು ಕೇಳಿತು. ವಿಧಾನಸಭೆಯ ಒಪ್ಪಿಗೆ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ಆ ತಿಂಗಳುಗಳಲ್ಲಿ ಬರೆದವರ ಮಾತಿಗೆ ಜಾಗವಿತ್ತು. ಮತಕ್ಕೆ ಹಾಕುವ ದಿನ ಸಾವಿರ ಸಹಿ ಹಿಡಿದು ಹೋದವರಿಗೆ ಶಾಸಕರು ಸಹಾನುಭೂತಿಯನ್ನಷ್ಟೇ ತೋರಬಲ್ಲರು.

ಹೇಗೆ ಬರೆಯಬೇಕೆಂಬುದು ಇದಕ್ಕಿಂತ ಸುಲಭ. ವಿಷಯ ರಾಜ್ಯದ್ದೋ ಕೇಂದ್ರದ್ದೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಕೇಂದ್ರದ ಮಸೂದೆಯಾದರೆ ಸಂಸದರಿಗೆ ಬರೆಯಬೇಕು. ನೀವು ಅದೇ ಕ್ಷೇತ್ರದ ಮತದಾರರೆಂದು ಆರಂಭದಲ್ಲೇ ತಿಳಿಸಿ, ಮಸೂದೆಯ ಹೆಸರು, ವರ್ಷ ಮತ್ತು ಖಂಡದ ಸಂಖ್ಯೆಯನ್ನು ನಮೂದಿಸಿ, ಆ ಖಂಡದಿಂದ ನಿಮ್ಮ ಊರಿನಲ್ಲಿ ಯಾರಿಗೆ ಏನಾಗುತ್ತದೆಂದು ವಿವರಿಸಿ, ಅದರ ಬದಲು ಯಾವ ವಾಕ್ಯ ಇರಬೇಕೆಂಬುದನ್ನು ನೀವೇ ಬರೆದುಕೊಡಿ. ಎಲ್ಲರೂ ಒಂದೇ ಒಕ್ಕಣೆಯನ್ನು ನಕಲು ಮಾಡಿ ಕಳುಹಿಸುವ ಬದಲು ತಮ್ಮ ತಮ್ಮ ಅನುಭವವನ್ನು ಬರೆಯುವುದು ಮೇಲು. ಮನವಿ ಒಂದು ಪುಟ ಮೀರದಿರಲಿ. ಆಪ್ತ ಸಹಾಯಕರೊಡನೆ ಐದು ನಿಮಿಷ ಕುಳಿತು ವಿಷಯ ತಿಳಿಸುವುದನ್ನು ಕೀಳೆಂದು ಭಾವಿಸಬೇಡಿ, ಏಕೆಂದರೆ ಪತ್ರವನ್ನು ಮೊದಲು ಓದುವವರು ಬಹುಪಾಲು ಅವರೇ.

ಯಾರೂ ಕೇಳದ ಒಂದು ಮಾತನ್ನೂ ಸೇರಿಸಬೇಕಾಗಿದೆ. ವಿಧಾನಸಭೆಯ 224 ಸದಸ್ಯರನ್ನು ಬಲ್ಲ ನಾವು ವಿಧಾನ ಪರಿಷತ್ತಿನ 75 ಮಂದಿಯನ್ನು ಮರೆಯುತ್ತೇವೆ. ಅವರಲ್ಲಿ 7 ಮಂದಿ ಪದವೀಧರರಿಂದಲೂ 7 ಮಂದಿ ಶಿಕ್ಷಕರಿಂದಲೂ ನೇರವಾಗಿ ಆಯ್ಕೆಯಾದವರು. 2024ರ ಫೆಬ್ರವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ತಿದ್ದುಪಡಿ ಮಸೂದೆಗೆ ಪರಿಷತ್ತಿನಲ್ಲಿ ಸೋಲಾಯಿತು. ಸರ್ಕಾರ ಅದನ್ನು ಮತ್ತೆ ತಂದು ಅಂಗೀಕಾರ ಪಡೆಯಿತಾದರೂ, ಪರಿಷತ್ತು ಮಸೂದೆಯನ್ನು ಸ್ವಲ್ಪ ಕಾಲವಾದರೂ ತಡೆದು ನಿಲ್ಲಿಸಬಲ್ಲದೆಂಬುದನ್ನು ಎಲ್ಲರೂ ಕಂಡರು. ಪದವಿ ಪಡೆದು ಮೂರು ವರ್ಷವಾದವರು ತಮ್ಮ ಪರಿಷತ್ ಸದಸ್ಯರಿಗೂ ಅದೇ ಮನವಿಯನ್ನು ಮತದಾರರಾಗಿಯೇ ಕಳುಹಿಸಬಹುದು. ಆದರೆ ಪದವೀಧರ ಕ್ಷೇತ್ರದ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧವಾಗುತ್ತದೆ. ಹಿಂದಿನ ಬಾರಿ ಹೆಸರಿದ್ದವರೂ ನಮೂನೆ 18ರಲ್ಲಿ ಮತ್ತೆ ಅರ್ಜಿ ಸಲ್ಲಿಸಬೇಕು.