ಕರೆಂಟ್ ಜೊತೆಗೇ ಕೀಮೋ: ಏಳು ವಾರದ ಚಿಕಿತ್ಸೆ ಬೆಳೆದು ಬಂದ ಬಗೆ

ಎಲೆಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿ. ಮಳವಳ್ಳಿ, ಪಾಂಡವಪುರ, ಹುಣಸೂರು ಕಡೆಯಿಂದ ಗಂಟಲು ಕ್ಯಾನ್ಸರ್ ಎಂದು ಮೈಸೂರಿನ ಆಸ್ಪತ್ರೆಗಳಿಗೆ ಬರುವವರಲ್ಲಿ ಬಹಳ ಮಂದಿಗೆ ಅಷ್ಟು ಹೊತ್ತಿಗೆ ಕಾಯಿಲೆ ಮೂರನೇ ಅಥವಾ ನಾಲ್ಕನೇ ಹಂತ ಮುಟ್ಟಿರುತ್ತದೆ. ಕರೆಂಟ್ (ಅಂದರೆ ವಿಕಿರಣ) ಜೊತೆಗೇ ಕೀಮೋ ಕೊಡಬೇಕು ಎಂದಾಗ ಮನೆಯವರು ಕೇಳುವುದು ಒಂದೇ: ‘ಜೀವ ತಡೆಯುತ್ತಾ ಸಾರ್? ಒಂದು ಮುಗಿದ ಮೇಲೆ ಇನ್ನೊಂದು ಕೊಡಬಾರದಾ?’ ನ್ಯಾಯವಾದ ಪ್ರಶ್ನೆ. ವೈದ್ಯರಿಗೂ ಇದಕ್ಕೆ ಉತ್ತರ ಸಿಗಲು ದಶಕಗಳೇ ಹಿಡಿದವು.

1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾ ಇದ್ದ ದ್ರಾವಣಕ್ಕೆ ವಿದ್ಯುತ್ ಹರಿಸಿದಾಗ ಅವುಗಳ ವಿಭಜನೆ ನಿಂತಿತು. ನಿಲ್ಲಿಸಿದ್ದು ವಿದ್ಯುತ್ತಲ್ಲ, ಪ್ಲಾಟಿನಂ ವಿದ್ಯುದ್ವಾರದಿಂದ ಕರಗಿ ಬಂದ ಸಂಯುಕ್ತ. ಅದರಿಂದಲೇ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಬಂತು. 1991ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಧ್ವನಿಪೆಟ್ಟಿಗೆಯ ಮುಂದುವರಿದ ಕ್ಯಾನ್ಸರಿದ್ದ 332 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮೊದಲು ಕೀಮೋ, ಆಮೇಲೆ ವಿಕಿರಣ ಕೊಟ್ಟರು. ಉಳಿದವರಿಗೆ ಪೆಟ್ಟಿಗೆಯನ್ನೇ ತೆಗೆದು ವಿಕಿರಣ ಕೊಟ್ಟರು. ಎರಡು ವರ್ಷಕ್ಕೆ ಎರಡೂ ಗುಂಪಿನಲ್ಲಿ ಶೇ. 68 ಮಂದಿ ಬದುಕಿದ್ದರು. ಕೀಮೋ ಗುಂಪಿನ ಶೇ. 64 ಮಂದಿಗೆ ಧ್ವನಿಪೆಟ್ಟಿಗೆ ಉಳಿದಿತ್ತು.

ಮನೆಯವರ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು 2003ರಲ್ಲಿ, ಧ್ವನಿಪೆಟ್ಟಿಗೆ ಕ್ಯಾನ್ಸರಿನ ಇನ್ನೊಂದು ಅಧ್ಯಯನದಿಂದ. ಎರಡು ವರ್ಷಕ್ಕೆ ಧ್ವನಿಪೆಟ್ಟಿಗೆ ಉಳಿದದ್ದು ವಿಕಿರಣವಷ್ಟೇ ಪಡೆದವರಲ್ಲಿ ಶೇ. 70, ಮೊದಲು ಕೀಮೋ ಪಡೆದವರಲ್ಲಿ ಶೇ. 75, ಎರಡನ್ನೂ ಒಟ್ಟಿಗೆ ಪಡೆದವರಲ್ಲಿ ಶೇ. 88. ವಿಕಿರಣ ಕ್ಯಾನ್ಸರ್ ಕೋಶದ ಡಿಎನ್‌ಎ ಮುರಿಯುತ್ತದೆ. ಸಿಸ್‌ಪ್ಲಾಟಿನ್ ಅದೇ ಡಿಎನ್‌ಎಗೆ ಅಂಟಿಕೊಂಡು ರಿಪೇರಿಗೆ ಅಡ್ಡ ನಿಲ್ಲುತ್ತದೆ. ಎರಡೂ ಒಂದೇ ಹೊತ್ತಿಗೆ ಇದ್ದರೆ ಮಾತ್ರ ಈ ಕೆಲಸ ನಡೆಯುತ್ತದೆ. 93 ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯ ಪ್ರಕಾರ, ಒಟ್ಟಿಗೆ ಕೊಟ್ಟರೆ ಐದು ವರ್ಷಕ್ಕೆ ನೂರರಲ್ಲಿ ಆರೇಳು ಮಂದಿ ಹೆಚ್ಚಿಗೆ ಬದುಕುತ್ತಾರೆ. 70 ದಾಟಿದವರಿಗೆ ಈ ಲಾಭ ಕಾಣಲಿಲ್ಲ.

ಬಾಯಿ ಕ್ಯಾನ್ಸರಿನ ದಾರಿ ಬೇರೆ: ಸಾಮಾನ್ಯವಾಗಿ ಮೊದಲು ಆಪರೇಷನ್. ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಅಥವಾ ಕತ್ತಿನ ಗಂಟಿನ ಹೊದಿಕೆ ಒಡೆದು ಅದು ಹೊರಬಂದಿದ್ದರೆ ವಿಕಿರಣದ ಜೊತೆ ಕೀಮೋ ಸೇರಿಸುತ್ತಾರೆ. ಇದು 2004ರ ಎರಡು ಅಧ್ಯಯನಗಳಿಂದ ಬಂದ ನಿಯಮ.

ಪೂರ್ಣ ಚಿಕಿತ್ಸೆ ಎಂದರೆ ದಿನಕ್ಕೆ 2 ಗ್ರೇ (ವಿಕಿರಣದ ಅಳತೆ), ವಾರಕ್ಕೆ ಐದು ದಿನ, 35 ಬಾರಿ, ಒಟ್ಟು 70 ಗ್ರೇ. ಜೊತೆಗೆ 1, 22, 43ನೇ ದಿನ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 100 ಮಿಲಿಗ್ರಾಂ ಸಿಸ್‌ಪ್ಲಾಟಿನ್ (ಮುಂದಿನ ಡೋಸುಗಳೂ ಚದರ ಮೀಟರಿನ ಲೆಕ್ಕವೇ). ಇದು ಭಾರಿ ಡೋಸ್ ಎಂದು ನಮ್ಮಲ್ಲಿ ಹಲವೆಡೆ ವಾರಕ್ಕೆ 30 ಮಿಲಿಗ್ರಾಂ ಕೊಡುತ್ತಿದ್ದರು. ಮುಂಬೈನ ಟಾಟಾ ಆಸ್ಪತ್ರೆ 300 ಮಂದಿಯಲ್ಲಿ ಎರಡನ್ನೂ ಹೋಲಿಸಿ 2018ರಲ್ಲಿ ಪ್ರಕಟಿಸಿತು: ಎರಡು ವರ್ಷಕ್ಕೆ ಕಾಯಿಲೆ ಹತೋಟಿಯಲ್ಲಿದ್ದವರು ದೊಡ್ಡ ಡೋಸಿನಲ್ಲಿ ಶೇ. 73, ವಾರದ ಡೋಸಿನಲ್ಲಿ ಶೇ. 58.5. ಆಪರೇಷನ್ ಆದವರಿಗೆ ವಾರಕ್ಕೆ 40 ಮಿಲಿಗ್ರಾಂ ಸಾಕೆಂದು 2022ರಲ್ಲಿ ಜಪಾನಿನ ಅಧ್ಯಯನ ತೋರಿಸಿತು. ಕಿಡ್ನಿ ಅಥವಾ ಕಿವಿ ಸರಿಯಿಲ್ಲದವರಿಗೆ ಸಿಸ್‌ಪ್ಲಾಟಿನ್ ಆಗದು. ಅಂಥವರಿಗೆ ವಾರಕ್ಕೆ 15 ಮಿಲಿಗ್ರಾಂ ಡೋಸಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ ನೆರವಾಗುತ್ತದೆ ಎಂದು ತೋರಿಸಿದ್ದೂ ಟಾಟಾ ಆಸ್ಪತ್ರೆಯೇ, 2023ರಲ್ಲಿ.

ಚಿಕಿತ್ಸೆ ಎಡವುವುದು ಹೆಚ್ಚಾಗಿ ಔಷಧಿಯಿಂದಲ್ಲ, ನಡುವೆ ಬಿಡುವುದರಿಂದ. ಎರಡು ಮೂರನೇ ವಾರಕ್ಕೆ ಬಾಯಿ ಹುಣ್ಣಾಗುತ್ತದೆ, ನಾಲ್ಕೈದನೇ ವಾರಕ್ಕೆ ಉಗುಳು ನುಂಗುವುದೂ ಕಷ್ಟ. ಆಗಲೇ ‘ವಾಸಿಯಾದ ಮೇಲೆ ಬರ್ತೀವಿ’ ಎಂದು ಊರಿಗೆ ಹೊರಡುತ್ತಾರೆ. ತಪ್ಪಿದ ಒಂದೊಂದು ದಿನಕ್ಕೂ ಕಾಯಿಲೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಇಳಿಯುತ್ತದೆ, ಅಳಿದುಳಿದ ಕೋಶಗಳು ಆ ಬಿಡುವಿನಲ್ಲೇ ಬೇಗ ಬೇಗ ಹೆಚ್ಚುತ್ತವೆ. ಹಾಗಾಗಿ ಮೂಗಿನ ನಳಿಕೆ ಹಾಕಲು ಒಪ್ಪಿಕೊಳ್ಳಿ. ಸೋಸಿದ ತೆಳು ರಾಗಿ ಗಂಜಿ, ಹಾಲು, ಬೇಳೆಕಟ್ಟನ್ನು ರೋಗಿಯನ್ನು ಕೂರಿಸಿಕೊಂಡು ನಿಧಾನವಾಗಿ ಬಿಡಿ, ಕೊನೆಗೆ ನೀರು ಹಾಯಿಸಿ. ಇಲ್ಲದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತದೆ. ತೂಕ ಇಳಿದರೆ, ವಿಕಿರಣದ ವೇಳೆ ತಲೆ ಅಲುಗದಂತೆ ಮುಖಕ್ಕೆ ಅಳತೆ ತೆಗೆದು ಮಾಡಿದ ಮಾಸ್ಕ್ ಸಡಿಲವಾಗಿ ಕಿರಣದ ಗುರಿ ತಪ್ಪಬಹುದು. ಹಾಳಾದ ಹಲ್ಲುಗಳನ್ನು ವಿಕಿರಣ ಶುರುವಾಗುವ ಎರಡು ವಾರ ಮೊದಲೇ ಕೀಳಿಸಬೇಕು. ಆಮೇಲೆ ಕಿತ್ತರೆ ದವಡೆ ಮೂಳೆ ಕೊಳೆಯುವ ಅಪಾಯವಿದೆ.

ಕ್ಯಾನ್ಸರ್ ಉಳಿದಿದೆಯೇ ಎಂದು ನೋಡುವ ಪೆಟ್ ಸ್ಕ್ಯಾನ್ ಮಾಡಿಸುವುದು ಚಿಕಿತ್ಸೆ ಮುಗಿದ 12 ವಾರಕ್ಕೆ. ಅದಕ್ಕೆ ಮುಂಚೆ ಮಾಡಿಸಿದರೆ ವಿಕಿರಣದ ಊತವೇ ಕ್ಯಾನ್ಸರಿನಂತೆ ಕಾಣಬಹುದು.