ಕಪಾಟಿನಲ್ಲಿ ಇದೆ, ಕಂಪ್ಯೂಟರಿನಲ್ಲಿ ಇಲ್ಲ

"ಸರ್, ಬುಕ್ ಇಲ್ಲಂತ ತೋರಸ್ಲಿಕತ್ತದ್ರಿ."

ಕಲಬುರಗಿಯ ಕಾಲೇಜು ಗ್ರಂಥಾಲಯಗಳ ಕೌಂಟರಿನಲ್ಲಿ ಕೂತವರಿಗೆ ಈ ಮಾತು ಹೊಸದಲ್ಲ. ಹುಡುಗ ಕಂಪ್ಯೂಟರಿನಲ್ಲಿ ಲೇಖಕರ ಹೆಸರು ಹಾಕಿರುತ್ತಾನೆ. ಫಲಿತಾಂಶ ಸೊನ್ನೆ. ನಾವು ಎದ್ದು ಹೋಗಿ ಕಪಾಟಿನಿಂದ ಅದೇ ಪುಸ್ತಕ ತಂದು ಕೊಡುತ್ತೇವೆ. ಮುಂದಿನ ಸಲ ಅವನು ಕಂಪ್ಯೂಟರ್ ಕಡೆ ಹೋಗುವುದೇ ಇಲ್ಲ, ನೇರವಾಗಿ ನಮ್ಮನ್ನೇ ಕೇಳುತ್ತಾನೆ. ನಾವು ರಜೆಯಲ್ಲಿದ್ದರೆ ಆ ಪುಸ್ತಕ ಇಲ್ಲ ಅಂತಲೇ ಲೆಕ್ಕ.

ಸರ್ವರ್ ಕೆಟ್ಟಿಲ್ಲ, ನೆಟ್ ಹೋಗಿಲ್ಲ, ತಂತ್ರಾಂಶವೂ ಸರಿಯಾಗೇ ಇದೆ. ಒಂದೊಂದು ಕಾಲದಲ್ಲಿ ಒಂದೊಂದು ರೀತಿ ಟೈಪ್ ಮಾಡಿದ ದಾಖಲೆಗಳು ಒಳಗೆ ಹಾಗೇ ಉಳಿದಿವೆ, ಅಷ್ಟೇ. ಗ್ರಂಥಾಲಯಕ್ಕೆ ಹೊಸ ತಂತ್ರಜ್ಞಾನ ಬಂತು ಅಂದರೆ ಎಲ್ಲರೂ ಕೇಳುವುದು ಯಂತ್ರದ ಬಗ್ಗೆ. ಬಾರ್‌ಕೋಡ್ ಹಾಕಿದ್ರಾ? ಆರ್‌ಎಫ್‌ಐಡಿ ಬಂತಾ? ಆ್ಯಪ್ ಇದೆಯಾ? ಒಳಗಿರುವ ಕನ್ನಡ ಯಾವ ಸ್ಥಿತಿಯಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು ಅನ್ನುವುದು ನನ್ನ ಅಭಿಪ್ರಾಯ.

ಈ ತೊಂದರೆ ನಮ್ಮ ಕಡೆ ಇನ್ನೂ ಜಾಸ್ತಿ. ಅದಕ್ಕೆ ಕಾರಣ ನಮ್ಮ ಕಪಾಟುಗಳು. 1948ರವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಓದಿನ ಭಾಷೆಯೂ ಹೆಚ್ಚಾಗಿ ಉರ್ದು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಭಾಲ್ಕಿ, ಔರಾದ್ ಕಡೆ ಮರಾಠಿ ಓದುವವರಿದ್ದಾರೆ. ಸೇಡಂ, ಗುರುಮಠಕಲ್ ಕಡೆ ತೆಲುಗು ಬಲ್ಲವರಿದ್ದಾರೆ. ಹಳೆಯ ಗ್ರಂಥಾಲಯ ಹೊಕ್ಕರೆ ಕನ್ನಡ, ಉರ್ದು, ಮರಾಠಿ, ಹಿಂದಿ, ಇಂಗ್ಲಿಷ್ ಪುಸ್ತಕಗಳು ಒಂದೇ ಸೂರಿನಡಿ ಸಿಗುತ್ತವೆ. ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯನ್ನೇ ಅರಿಯದ ಕಂಪ್ಯೂಟರಿನ ಮೇಲೆ ಇಷ್ಟೆಲ್ಲ ಹೊರಿಸಬೇಕಾಗಿತ್ತು.

ಕಾರ್ಡ್ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. ಆಗೆಲ್ಲ ಕ್ಯಾಟಲಾಗ್ ಅಂದರೆ ಮರದ ಡ್ರಾಯರುಗಳು, ಅದರೊಳಗೆ ಕಂಬಿಗೆ ಪೋಣಿಸಿದ 12.5 ಸೆಂ.ಮೀ. ಉದ್ದ, 7.5 ಸೆಂ.ಮೀ. ಅಗಲದ ಕಾರ್ಡುಗಳು. ಲೇಖಕರ ಹೆಸರಿಗೆ ಒಂದು, ಶೀರ್ಷಿಕೆಗೆ ಒಂದು, ವಿಷಯಕ್ಕೆ ಒಂದು. ಮೂಲೆಯಲ್ಲಿ, ವಿಷಯಕ್ಕೆ ತಕ್ಕಂತೆ ಪುಸ್ತಕಗಳನ್ನು ವಿಂಗಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದ ಸಂಖ್ಯೆ. ಇಂಗ್ಲಿಷ್ ಸಾಹಿತ್ಯಕ್ಕೆ ಅದರಲ್ಲಿ ಬರೀ 820, ಕನ್ನಡ ಸಾಹಿತ್ಯಕ್ಕೆ 894.814. ಪುಸ್ತಕದ ಬೆನ್ನಿಗೆ ಅಂಟಿಸುವ ಚೀಟಿಯಲ್ಲಿ ಅದು ಹಿಡಿಸುವುದೇ ಕಷ್ಟ. ಆದರೆ ಕಾರ್ಡಿಗೆ ಲಿಪಿಯ ಹಂಗಿರಲಿಲ್ಲ. ಕನ್ನಡ ಬಲ್ಲವರು ಕನ್ನಡದಲ್ಲಿ ಬರೆದರು, ಉರ್ದು ಬಲ್ಲವರು ಉರ್ದುವಿನಲ್ಲಿ ಬರೆದರು. ಒಬ್ಬರು 'ಸಿದ್ಧಪ್ಪ' ಅಂತ, ಇನ್ನೊಬ್ಬರು 'ಸಿದ್ದಪ್ಪ' ಅಂತ ಬರೆದಿದ್ದರೂ ಹುಡುಕುವವರ ಕಣ್ಣು ಅದನ್ನು ಸರಿಮಾಡಿಕೊಳ್ಳುತ್ತಿತ್ತು. ಕಂಪ್ಯೂಟರಿಗೆ ಆ ಕಣ್ಣಿಲ್ಲ.

ಕ್ಯಾಟಲಾಗನ್ನು ಯಂತ್ರ ಓದುವಂತೆ ಬರೆಯುವ ಪದ್ಧತಿ ಹುಟ್ಟಿದ್ದು 1960ರ ದಶಕದಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಹೆನ್ರಿಯೆಟ್ ಆವ್ರಮ್ ಎಂಬ ಮಹಿಳೆಯ ನೇತೃತ್ವದಲ್ಲಿ ಅದು ರೂಪುಗೊಂಡಿತು. ಅದಕ್ಕೆ ಮಾರ್ಕ್ ಅಂತಾರೆ. ಲೇಖಕರ ಹೆಸರು 100ನೇ ಟ್ಯಾಗಿನಲ್ಲಿ, ಶೀರ್ಷಿಕೆ 245ರಲ್ಲಿ. ಇಂದಿಗೂ ನಮ್ಮ ದಿನ ಶುರುವಾಗುವುದು ಈ ಸಂಖ್ಯೆಗಳಿಂದಲೇ.

ಭಾರತದ ಗ್ರಂಥಾಲಯಗಳಿಗೆ ಮೊದಲು ಹೆಚ್ಚಾಗಿ ಬಂದದ್ದು ಯುನೆಸ್ಕೊದ ಸಿಡಿಎಸ್/ಐಸಿಸ್ ಎಂಬ ತಂತ್ರಾಂಶ. 1985ರಲ್ಲಿ ಅದರ ಸಣ್ಣ ಕಂಪ್ಯೂಟರುಗಳ ಆವೃತ್ತಿ ಹೊರಬಂತು. ನಮ್ಮ ದೇಶದಲ್ಲಿ ಅದನ್ನು ಹಂಚಿದ್ದು, ತರಬೇತಿ ಕೊಟ್ಟದ್ದು ನಿಸ್ಸಾಟ್ ಎಂಬ ಸರ್ಕಾರಿ ಯೋಜನೆ. ವಿಂಡೋಸ್‌ಗಿಂತ ಮುಂಚಿನ ಡಾಸ್ ಮೇಲೆ ಓಡುವ, ಕಪ್ಪು ಪರದೆಯ ತಂತ್ರಾಂಶ. ಭಾರತೀಯ ಲಿಪಿ ಬೇಕೆಂದರೆ ಸಿ-ಡ್ಯಾಕ್ ಎಂಬ ಸರ್ಕಾರಿ ಸಂಸ್ಥೆಯ 'ಜಿಸ್ಟ್ ಕಾರ್ಡ್' ಎಂಬ ಎಲೆಕ್ಟ್ರಾನಿಕ್ ಬಿಡಿಭಾಗವನ್ನು ಕಂಪ್ಯೂಟರಿನೊಳಗೆ ಕೂರಿಸಬೇಕಿತ್ತು. ಸಣ್ಣ ಕಾಲೇಜುಗಳಿಗೆ ಅದರ ಖರ್ಚು ಎಲ್ಲಿಂದ ಬರಬೇಕು? ಹಾಗಾಗಿ ಕನ್ನಡ ಪುಸ್ತಕಗಳ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿದರು. ಅದಕ್ಕೊಂದು ನಿಯಮ ಇರಲಿಲ್ಲ. 'ಸಾಹಿತ್ಯ'ಕ್ಕೆ ಒಬ್ಬರು ಒಂದೇ 'ಎ' ಹಾಕಿದರು, ಇನ್ನೊಬ್ಬರು ಎರಡು ಹಾಕಿದರು, ಮತ್ತೊಬ್ಬರು 'ಟಿ' ಪಕ್ಕ 'ಎಚ್' ಸೇರಿಸಿದರು. ಆ ದಾಖಲೆಗಳಲ್ಲಿ ಎಷ್ಟೋ ಇನ್ನೂ ನಮ್ಮ ಕಂಪ್ಯೂಟರುಗಳಲ್ಲಿ ಹಾಗೇ ಇವೆ.

ಆಮೇಲೆ ವಿಂಡೋಸ್ ಬಂತು. ಜೊತೆಗೇ ಕನ್ನಡ ಟೈಪ್ ಮಾಡುವ ಬರಹ, ನುಡಿ, ಶ್ರೀಲಿಪಿ ತಂತ್ರಾಂಶಗಳು ಬಂದವು. ಪರದೆಯ ಮೇಲೆ ಕನ್ನಡ ನೋಡಿದ ಖುಷಿ ಆ ಕಾಲದವರಿಗೇ ಗೊತ್ತು. ನುಡಿ ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿ, ಗ್ರಂಥಾಲಯ ಎಲ್ಲ ಕಡೆ ಹಬ್ಬಿತು. ಕನ್ನಡದ ಮಟ್ಟಿಗೆ ಅದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಗಿನ ತಂತ್ರಜ್ಞಾನಕ್ಕೆ ಒಂದು ಮಿತಿ ಇತ್ತು. ಪರದೆಯ ಮೇಲೆ 'ಕ' ಕಾಣುತ್ತಿತ್ತು. ಕಡತದೊಳಗೆ ಇದ್ದದ್ದು ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ತಲೆಯ ಮೇಲೆ ಗೀಟಿರುವ, ಯುರೋಪಿನ ಭಾಷೆಗಳಲ್ಲಿ ಬಳಸುವ ಒಂದು 'ಎ'. ಫಾಂಟ್ ಎಂಬ ವೇಷ ತೊಡಿಸಿದ್ದರಿಂದ ಅದು ಕನ್ನಡವಾಗಿ ಕಾಣುತ್ತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಅಕಾರಾದಿಯಾಗಿ ಜೋಡಿಸು ಅಂದರೆ ಅದು ಜೋಡಿಸುತ್ತಿದ್ದದ್ದು ಒಳಗಿನ ಇಂಗ್ಲಿಷ್ ಚಿಹ್ನೆಗಳನ್ನು. ಒಂದು ತಂತ್ರಾಂಶದ ಗುಟ್ಟು ಇನ್ನೊಂದಕ್ಕೆ ಗೊತ್ತಿರಲಿಲ್ಲ. ಉರ್ದುವಿಗೆ 1994ರಲ್ಲಿ ಬಂದ ಇನ್‌ಪೇಜ್ ಎಂಬ ತಂತ್ರಾಂಶದ್ದೂ ಇದೇ ಕಥೆ. ಅಚ್ಚಿಗೆ ಸುಂದರ, ಹುಡುಕಾಟಕ್ಕೆ ನಿರುಪಯೋಗಿ.

ವಿಚಿತ್ರ ಏನಂದರೆ ಇದಕ್ಕೆ ಪರಿಹಾರ ಆಗಲೇ ಹುಟ್ಟಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ. ಫಾಂಟ್ ಬದಲಾದರೂ 'ಕ' ಅಂದರೆ 'ಕ'. ಆದರೆ ವಿಂಡೋಸ್‌ನಲ್ಲಿ ಅದು ಸರಿಯಾಗಿ ಕಾಣತೊಡಗಿದ್ದು 2001ರ ಎಕ್ಸ್‌ಪಿ ಜೊತೆ, ತುಂಗಾ ಫಾಂಟ್ ಬಂದಮೇಲೆ. ಆ ನಡುವಿನ ಹತ್ತು ವರ್ಷ, ಆಮೇಲೆ ಅಭ್ಯಾಸ ಬಿಡಲಾಗದ ಇನ್ನೊಂದಷ್ಟು ವರ್ಷ, ನಾವು ಟೈಪ್ ಮಾಡುತ್ತಲೇ ಹೋದೆವು.

ತಂತ್ರಾಂಶಗಳು ಮಾತ್ರ ಬದಲಾಗುತ್ತಾ ಬಂದವು. ಕಾಲೇಜು ಗ್ರಂಥಾಲಯಗಳಿಗೆ ನೆರವಾಗುವ ಇನ್‌ಫ್ಲಿಬ್‌ನೆಟ್ ಕೇಂದ್ರದ 'ಸೋಲ್' ತಂತ್ರಾಂಶ ನಮ್ಮ ಕಾಲೇಜುಗಳಲ್ಲಿ ಮನೆಮಾತಾಯಿತು. 2009ರಲ್ಲಿ ಬಂದ ಅದರ 2.0 ಆವೃತ್ತಿ ಯುನಿಕೋಡನ್ನೂ ಮಾರ್ಕನ್ನೂ ಒಪ್ಪಿಕೊಂಡಿತು. ರಾಷ್ಟ್ರೀಯ ಮಾಹಿತಿ ಕೇಂದ್ರದ ಇ-ಗ್ರಂಥಾಲಯ ಬಂತು. ಕೊಹಾ ಬಂತು. ಕೊಹಾ ಹುಟ್ಟಿದ ಬಗೆ ನನಗೆ ತುಂಬಾ ಇಷ್ಟ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಕಡೆ ಒಂದು ಸಾರ್ವಜನಿಕ ಗ್ರಂಥಾಲಯವಿತ್ತು. ಅವರ ಹಳೆಯ ತಂತ್ರಾಂಶ 2000ನೇ ಇಸವಿ ದಾಟುವಂತಿರಲಿಲ್ಲ, ಹೊಸದು ಕೊಳ್ಳಲು ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ತಾವೇ ಒಂದನ್ನು ಬರೆಸಿ, 2000ದ ಜನವರಿಯಲ್ಲಿ ಶುರುಮಾಡಿ, ಜಗತ್ತಿಗೆ ಬಿಟ್ಟುಕೊಟ್ಟರು. ಇವತ್ತು ಕಲಬುರಗಿಯ ಕಾಲೇಜೊಂದು ಲೈಸೆನ್ಸಿಗೆ ಒಂದು ರೂಪಾಯಿ ಕೊಡದೆ ಅದನ್ನು ಬಳಸಬಹುದು.

ಹಳೆಯದರಿಂದ ಹೊಸದಕ್ಕೆ ದಾಖಲೆ ಸಾಗಿಸುವಾಗಲೇ ನಿಜವಾದ ಪೆಟ್ಟು ಬಿದ್ದದ್ದು. ಖಾಸಗಿ ತಂತ್ರಾಂಶವೊಂದನ್ನು ಬಿಟ್ಟು ಹೊರಬರುವಾಗ ನಮಗೆ ಸಿಕ್ಕಿದ್ದು ಒಂದು ಎಕ್ಸೆಲ್ ಹಾಳೆ. ಲೇಖಕ, ಶೀರ್ಷಿಕೆ, ಪ್ರಕಾಶಕ ಎಲ್ಲ ಒಂದರೊಳಗೊಂದು ಕಲಸಿಹೋಗಿದ್ದವು. ಕನ್ನಡದ ಸಾಲುಗಳಲ್ಲಿ ಕೆಲವು ಫಾಂಟ್ ಕನ್ನಡ, ಕೆಲವು ಇಂಗ್ಲಿಷ್ ಅಕ್ಷರದ ಕನ್ನಡ, ಕೆಲವು ಯುನಿಕೋಡ್, ಉಳಿದವು ಬರೀ ಪ್ರಶ್ನಾರ್ಥಕ ಚಿಹ್ನೆ. ಪ್ರಶ್ನಾರ್ಥಕ ಚಿಹ್ನೆಯಾದವು ಹೋದವೇ. ಅವುಗಳಿಗೆ ಪುಸ್ತಕವನ್ನೇ ಕೈಗೆತ್ತಿಕೊಂಡು ಮತ್ತೆ ಟೈಪ್ ಮಾಡಬೇಕು. ಪುಣ್ಯಕ್ಕೆ, ಬಂದ ಪ್ರತಿ ಪುಸ್ತಕವನ್ನೂ ಸಂಖ್ಯೆ ಕೊಟ್ಟು ಬರೆದಿಡುವ ಪರಿಗ್ರಹಣ ರಿಜಿಸ್ಟರ್ ಇತ್ತು. ದಪ್ಪ ರಟ್ಟಿನ, ಕೈಬರಹದ ಆ ಪುಸ್ತಕ ಇಲ್ಲದಿದ್ದರೆ ಯಾವ ಸಂಖ್ಯೆಯ ಪುಸ್ತಕ ಯಾವುದು ಅಂತ ಹೇಳುವವರೇ ಇರಲಿಲ್ಲ.

ಎಲ್ಲವನ್ನೂ ಯುನಿಕೋಡಿಗೆ ತಂದರೆ ಮುಗಿಯಿತು ಅಂದುಕೊಂಡರೆ ಅಲ್ಲೂ ತೊಡಕಿದೆ. 'ಆಚಾರ್ಯ' ಎಂಬ ಹೆಸರನ್ನೇ ನೋಡಿ. ಕೆಲವರು 'ಆಚಾರ್ಯ' ಅಂತ ಅರ್ಕಾವತ್ತು ಹಾಕಿ ಬರೆಯುತ್ತಾರೆ, ಕೆಲವರು 'ಆಚಾರ‍್ಯ' ಅಂತ 'ರ'ಕ್ಕೆ ಯಾವತ್ತು ಕೊಟ್ಟು ಬರೆಯುತ್ತಾರೆ. ಓದುವವರಿಗೆ ಎರಡೂ ಒಂದೇ. ಕಂಪ್ಯೂಟರಿನೊಳಗೆ ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಹೆಚ್ಚಿಗೆ ಕೂತಿರುತ್ತದೆ. ಹಳೆಯ ಫಾಂಟಿನಿಂದ ಪರಿವರ್ತಿಸಿದ ದಾಖಲೆಗಳಲ್ಲಂತೂ ಇಂಥ ಕಾಣದ ಚಿಹ್ನೆಗಳು ಅಲ್ಲಲ್ಲಿ ಉಳಿದುಬಿಟ್ಟಿರುತ್ತವೆ. ಹುಡುಗ ಮೊಬೈಲಿನಲ್ಲಿ ಒಂದು ರೀತಿ ಟೈಪ್ ಮಾಡುತ್ತಾನೆ, ನಮ್ಮ ದಾಖಲೆ ಇನ್ನೊಂದು ರೀತಿ ಇರುತ್ತದೆ. ಹಾಗಾಗಿಯೇ ಸೊನ್ನೆ. ಉರ್ದುವಿನಲ್ಲಿ ಅರಬ್ಬಿ 'ಯೆ' ಮತ್ತು ಫಾರ್ಸಿ 'ಯೆ' ಬೇರೆ ಬೇರೆ ಸಂಖ್ಯೆಯವು. ಪದದ ನಡುವೆ ಎರಡೂ ಒಂದೇ ಥರ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಕೊಹಾದಲ್ಲಿ ಇಂಥದ್ದನ್ನು ಒಂದು ಮಟ್ಟಿಗೆ ಸರಿದೂಗಿಸುವ ಇಂಡೆಕ್ಸ್ ಹೊಂದಾಣಿಕೆ ಇದೆ. ಆದರೆ ತಂತ್ರಾಂಶ ಹಾಕಿಕೊಡುವವರು ಅದನ್ನು ತಾವಾಗಿ ಮಾಡಿಕೊಡುತ್ತಾರೆ ಅಂತ ನಂಬಬೇಡಿ. ನಾವೇ ಕೇಳಬೇಕು.

ಇಂಗ್ಲಿಷ್ ಪುಸ್ತಕಕ್ಕೆ ಈ ಪಾಡಿಲ್ಲ. ಹಿಂಬದಿಯ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಸ್ಕ್ಯಾನ್ ಮಾಡಿದರೆ ಝಡ್39.50 ಎಂಬ ವ್ಯವಸ್ಥೆಯ ಮೂಲಕ ಬೇರೆ ಗ್ರಂಥಾಲಯದಲ್ಲಿ ಸಿದ್ಧವಿರುವ ದಾಖಲೆ ಕ್ಷಣದಲ್ಲಿ ಬಂದು ಕೂರುತ್ತದೆ. ಕನ್ನಡ ಪುಸ್ತಕಕ್ಕೆ ಹಾಗೆ ಹುಡುಕಿದರೆ ಕೆಲವೊಮ್ಮೆ ವಾಷಿಂಗ್ಟನ್ನಿನಿಂದ ದಾಖಲೆ ಸಿಗುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲೇ ದೆಹಲಿಯಲ್ಲಿ ಕಚೇರಿ ತೆರೆದು ಭಾರತೀಯ ಭಾಷೆಗಳ ಪುಸ್ತಕ ಸಂಗ್ರಹಿಸುತ್ತಾ ಬಂದಿದೆ, ಅದರಲ್ಲಿ ಕನ್ನಡವೂ ಸೇರಿದೆ. ದಾಖಲೆ ಬಹಳ ಅಚ್ಚುಕಟ್ಟು. ಆದರೆ ರೋಮನ್ ಅಕ್ಷರದಲ್ಲಿ, ದೀರ್ಘಕ್ಕೆ ತಲೆಯ ಮೇಲೆ ಗೆರೆ, 'ಟ'ಕ್ಕೆ ಕೆಳಗೊಂದು ಚುಕ್ಕೆ. ಆಳಂದದಿಂದ ಬಂದ ಬಿಎ ವಿದ್ಯಾರ್ಥಿ ಹಾಗೆ ಹುಡುಕುತ್ತಾಳಾ? ಇನ್ನು ನಮ್ಮ ಭಾಗದ ಸಣ್ಣ ಪ್ರಕಾಶಕರ ಎಷ್ಟೋ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದೇ ಇಲ್ಲ. ಭಾರತದಲ್ಲಿ ಅದನ್ನು ಉಚಿತವಾಗಿಯೇ ಕೊಡುತ್ತಾರೆ. ಪ್ರಕಾಶಕರು ಇದೊಂದು ಕೆಲಸ ಮಾಡಿದರೂ ನಮಗೆ ದೊಡ್ಡ ಸಹಾಯ.

ಹೊಸ ಸೌಲಭ್ಯಗಳಲ್ಲೂ ಇದೇ ಎಳೆ ಮುಂದುವರಿದಿದೆ. 2025ರ ಜನವರಿಯಿಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸಿಗುತ್ತಿವೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಯೋಜನೆ. ವಿಜ್ಞಾನದವರಿಗೆ ಇದು ವರವೇ. ಕನ್ನಡದಲ್ಲಿ ಸಂಶೋಧನೆ ಮಾಡುವವರಿಗೆ ಅದರಲ್ಲಿ ಸಿಗುವುದು ತೀರಾ ಕಡಿಮೆ.

ಕೃತಿಚೌರ್ಯ ಪರೀಕ್ಷೆಯ ಮಾತು ಬಂದರೆ ನನಗೆ ನಿಜಕ್ಕೂ ಆತಂಕವಾಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಸಂಶೋಧನಾ ಪ್ರಬಂಧದಲ್ಲಿ ಬೇರೆ ಬರಹಗಳೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. ಪರೀಕ್ಷೆ ಮಾಡಿಕೊಡುವ ಕೆಲಸ ಗ್ರಂಥಪಾಲಕರ ಹೆಗಲಿಗೆ ಬಿದ್ದಿದೆ. ಕನ್ನಡ ಪ್ರಬಂಧ ಹಾಕಿದರೆ ಎಷ್ಟೋ ಸಲ ಹೋಲಿಕೆ ಸೊನ್ನೆಯ ಹತ್ತಿರ ಬರುತ್ತದೆ. ಹಾಗಂತ ಎಲ್ಲವೂ ಸ್ವಂತದ್ದು ಅಂತ ಅಲ್ಲ. ಯಾವುದರ ಜೊತೆ ಹೋಲಿಸಬೇಕೋ ಆ ಹಳೆಯ ಪುಸ್ತಕಗಳು ಬರೀ ಚಿತ್ರದ ರೂಪದ ಸ್ಕ್ಯಾನ್‌ಗಳಾಗಿವೆ. ಹಳೆಯ ಪ್ರಬಂಧಗಳು ಫಾಂಟ್ ಕನ್ನಡದ ಪಿಡಿಎಫ್ ಆಗಿವೆ. ಯಂತ್ರದ ಪಾಲಿಗೆ ಅವು ಕನ್ನಡವೇ ಅಲ್ಲ. ಆ ಸಂಖ್ಯೆಯನ್ನು ನಂಬಿ ಸಹಿ ಹಾಕುವ ಮಾರ್ಗದರ್ಶಕರು ಇದನ್ನು ತಿಳಿದಿರಲೇಬೇಕು.

2022ರ ಕೊನೆಗೆ ಚಾಟ್‌ಜಿಪಿಟಿ ಬಂದಮೇಲೆ ಕೌಂಟರಿಗೆ ಇನ್ನೊಂದು ಬಗೆಯ ಚೀಟಿ ಬರತೊಡಗಿದೆ. ಲೇಖಕ, ಶೀರ್ಷಿಕೆ, ಇಸವಿ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ, ಅಂಥ ಪುಸ್ತಕ ಮಾತ್ರ ಎಲ್ಲೂ ಪ್ರಕಟವಾಗಿರುವುದಿಲ್ಲ. ಈಗ ಎರಡು ಥರದ 'ಇಲ್ಲ' ನಮ್ಮ ಮುಂದಿವೆ. ಇದ್ದೂ ಇಲ್ಲ ಅನ್ನುವುದು ಒಂದು, ಇಲ್ಲದ್ದನ್ನು ಇದೆ ಅನ್ನುವುದು ಇನ್ನೊಂದು. ನಮ್ಮ ಕ್ಯಾಟಲಾಗ್ ನಂಬುವಂತಿದ್ದರೆ ಎರಡನೆಯದನ್ನು ಅರ್ಧ ನಿಮಿಷದಲ್ಲಿ ಬಿಡಿಸಿ ತೋರಿಸಬಹುದು. ನಂಬುವಂತಿಲ್ಲದಿದ್ದರೆ ನಾವು ಏನಂತ ಹೇಳುವುದು?

ಕೆಲಸ ಆಗದ್ದೇನಲ್ಲ. ಫಾಂಟ್ ಕನ್ನಡವನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕಾಣದ ಚಿಹ್ನೆಗಳನ್ನು ಒಂದೇ ಸಲಕ್ಕೆ ಹುಡುಕಿ ತೆಗೆಯಬಹುದು. ಹೆಸರಿನ ಬೇರೆ ಬೇರೆ ರೂಪಗಳನ್ನು ಒಂದೆಡೆ ಜೋಡಿಸುವ 'ಅಧಿಕೃತ ದಾಖಲೆ' ಅಂತ ಇದೆ, 'ಸಿದ್ಧಪ್ಪ'ನ ಅಂಥ ದಾಖಲೆಯಲ್ಲಿ 'ಸಿದ್ದಪ್ಪ'ನನ್ನೂ ಸೇರಿಸಿದರೆ ಹೇಗೆ ಹುಡುಕಿದರೂ ಪುಸ್ತಕ ಸಿಗುತ್ತದೆ. ಮೊಬೈಲಿನಲ್ಲಿ ಶೀರ್ಷಿಕೆ ಪುಟದ ಫೋಟೋ ತೆಗೆದು ಅಕ್ಷರ ಗುರುತಿಸಿದರೆ ಟೈಪ್ ಮಾಡುವ ಶ್ರಮ ಉಳಿಯುತ್ತದೆ, ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ತಿದ್ದಬೇಕು. ಹೊಸ ತಂತ್ರಾಂಶಕ್ಕೆ ಕೊಟೇಶನ್ ಕರೆಯುವಾಗ ಒಂದು ಷರತ್ತು ಬರೆಯಲೇಬೇಕು: ದಾಖಲೆಗಳನ್ನೆಲ್ಲ ಯಾವಾಗ ಕೇಳಿದರೂ ಯುನಿಕೋಡ್‌ನಲ್ಲಿ, ಮಾರ್ಕ್ ರೂಪದಲ್ಲಿ ವಾಪಸ್ ಕೊಡಬೇಕು. ಒಪ್ಪದವರ ಜೊತೆ ವ್ಯವಹಾರವೇ ಬೇಡ.

ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಲ್ಲಿ ಇರುವ ಕನ್ನಡ ಪುಸ್ತಕಗಳು ಬಹುಪಾಲು ಒಂದೇ. ಒಬ್ಬರು ಸರಿಯಾಗಿ ಮಾಡಿದ ದಾಖಲೆಯನ್ನು ಉಳಿದವರು ತಗೊಂಡರೆ ಸಾಕು. 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿ ಈಗ ಅರಿವು ಕೇಂದ್ರಗಳಾಗಿರುವ ಹಳ್ಳಿಯ ಗ್ರಂಥಾಲಯಗಳಿಗೂ ಅದೇ ದಾಖಲೆ ಸಲ್ಲುತ್ತದೆ. ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ, ಗ್ರಂಥಪಾಲಕರು ಕೂತು ಮಾತಾಡಿ ಕಡತ ಹಂಚಿಕೊಂಡರೆ ಆಯಿತು.

ಉರ್ದು ಕಪಾಟಿನ ಕೆಲಸ ಮಾತ್ರ ಕಾಯುವಂತಿಲ್ಲ. ಆ ಪುಸ್ತಕಗಳ ಶೀರ್ಷಿಕೆ ಓದಬಲ್ಲ ಹಿರಿಯ ಸಿಬ್ಬಂದಿ ಒಬ್ಬೊಬ್ಬರೇ ನಿವೃತ್ತರಾಗುತ್ತಿದ್ದಾರೆ. ಕನ್ನಡದ್ದನ್ನು ಮುಂದಿನ ವರ್ಷವೂ ಸರಿಮಾಡಬಹುದು. ಉರ್ದು ದಾಖಲೆಗಳನ್ನು ಅವರು ಡ್ಯೂಟಿಯಲ್ಲಿರುವಾಗಲೇ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೈಪ್ ಮಾಡಿಸಬೇಕು.